ಅದಾಲತ್ ಮಹಲು ಏನಾಯಿತು? ಅಸರ್ ಮಹಲು ನಿಜಕ್ಕೂ ಕೋರ್ಟಾಗಿತ್ತಾ?

ಬಾಂಡ್ ರೈಟರ್ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತವರು ವಿಜಯಪುರ, ಈಗ ಇರುವುದು ಬೆಳಗಾವಿಯಲ್ಲಿ. ಪ್ರಶ್ನೆ ಸಣ್ಣದು. ಅದರ ಹಿಂದಿನ ಕಥೆ ಮಾತ್ರ ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ನನ್ನ ತಾಯಿಯ ಅಪ್ಪ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಕೂತು ಅರ್ಜಿ, ಬಾಂಡು ಬರೆದು ಕೊಡುತ್ತಿದ್ದರು. ಒಂದು ತಗಡಿನ ಟ್ರಂಕು, ಅದರ ಮೇಲೆ ಇಳಿಜಾರಿನ ಮರದ ಡೆಸ್ಕು, ಒಂದು ಮಸಿ ದೌತಿ. ಅಷ್ಟೇ ಅವರ ಆಫೀಸು. ಸಿಂದಗಿ, ಇಂಡಿ, ಬಾಗೇವಾಡಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಬುತ್ತಿ ಗಂಟನ್ನು ಪಕ್ಕಕ್ಕಿಟ್ಟು ಅವರ ಮುಂದೆ ಕೂರುತ್ತಿದ್ದರು. ಅಜ್ಜ ಬಂದ ಕೂಡಲೇ ಪೆನ್ನು ಎತ್ತುತ್ತಿರಲಿಲ್ಲ. "ಮೊದ್ಲ ಎಲ್ಲಾ ಹೇಳಿ ಹಗರಾಗ್ರಿ, ಆಮ್ಯಾಲೆ ಬರಿತೀನಿ" ಅನ್ನುತ್ತಿದ್ದರು.

ಸೂಟಿಯಲ್ಲಿ ಅವರಿಗೆ ಮಧ್ಯಾಹ್ನ ರೊಟ್ಟಿ ಡಬ್ಬಿ ಒಯ್ಯುವುದು ನನ್ನ ಕೆಲಸ. ಒಂದು ದಿನ ಒಬ್ಬ ಮುದುಕ ಮರಕ್ಕೆ ಒರಗಿ ಅಳುತ್ತಿದ್ದ. ಹೊಲದ ಬದುವಿನ ಜಗಳವಂತೆ. ಹನ್ನೊಂದು ವರ್ಷ ನಡೆದು ಅವತ್ತು ಸೋತಿದ್ದ. "ನಮಗ ದಾದಿಲ್ಲ, ಫಿರ್ಯಾದಿಲ್ಲ" ಅಂತ ಅದನ್ನೇ ಹೇಳುತ್ತಿದ್ದ. ಅಜ್ಜ ತಮ್ಮ ಡಬ್ಬಿಯಿಂದ ಒಂದು ರೊಟ್ಟಿ, ಪಲ್ಯ ಅವನ ಕೈಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. "ದಾದ್ ಅಂದ್ರ ನ್ಯಾಯ, ತಂಗಿ. ಈ ಊರಾಗ ದಾದಿಗಂತನ ಒಂದು ಮಹಲ್ ಕಟ್ಟಿದ್ರು. ಅದು ನೀರಿನ ದಂಡ್ಯಾಗ ಐತಿ. ಅದಕ್ಕಿಂತ ಮದಲಿಂದು ಅರಕಿಲ್ಲ್ಯಾಗ ಇತ್ತು. ಅದು ಹೋತು."

ಅಜ್ಜ ತೀರಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ನನ್ನ ಮಗಳು ಏಳನೇ ಇಯತ್ತೆ. ಶಾಲೆಯಲ್ಲಿ 'ಕಾಣೆಯಾದ ಒಂದು ಕಟ್ಟಡ' ಅಂತ ಬರೆದುಕೊಂಡು ಬರಲು ಹೇಳಿದ್ದಾರೆ. ಅವಳಿಗೆ ಮುತ್ತಜ್ಜನ ಈ ಮಾತು ಹೇಳಿದೆ. ಅವಳು ಕೇಳಿದ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೀರಿನ ದಂಡೆಯ ಮಹಲು ಅಂದರೆ ಅಸರ್ ಮಹಲೇ ಅಲ್ವಾ? ಅದು ಕೋರ್ಟಾಗಿದ್ದರೆ ಹೆಸರು ಬೇರೆ ಯಾಕೆ? ಅರಕಿಲ್ಲೆಯೊಳಗೆ, ಅಂದರೆ ಊರ ನಡುವಿನ ಒಳಕೋಟೆಯೊಳಗೆ, 'ಹೋದ' ಕೋರ್ಟು ಯಾವುದು, ಕೆಡವಿದವರು ಯಾರು? ಬರುವ ಭಾನುವಾರ ಅವಳನ್ನು ಕರೆದುಕೊಂಡು ಊರಿಗೆ ಹೊರಟಿದ್ದೇನೆ. ಎಲ್ಲಿ ನಿಂತು ಏನು ತೋರಿಸಲಿ, ತಿಳಿದವರು ಹೇಳಿ.

ನಿವೃತ್ತ ಶಿರಸ್ತೇದಾರ

ತಂಗಿ, ನಿಮ್ಮ ಅಜ್ಜ ಹೇಳಿದ್ದು ಖರೆ. ಅವರ ಮಾತಿನ ಕ್ರಮವೂ ಸರಿ ಇದೆ. ಮೊದಲು ಅರಕಿಲ್ಲೆಯೊಳಗೆ, ಆಮೇಲೆ ನೀರಿನ ದಂಡೆಗೆ.

ನಾನು 34 ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು. ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದೆ. ಬರೆಯುವವರ ಮರದ ಕೆಳಗಿನ ಮಂದಿಯನ್ನು ದಿನಾ ನೋಡಿದ್ದೇನೆ. ಅವರು ಬರೆದ ಅರ್ಜಿ ಒಳಗೆ ನನ್ನ ಟೇಬಲ್ಲಿಗೇ ಬರುತ್ತಿತ್ತು. ಹಾಗಾಗಿ ಇದು ನನಗೂ ಮನೆಯ ವಿಷಯವೇ.

ಮೊದಲು ಹೆಸರಿನಿಂದ ಶುರು ಮಾಡೋಣ. ಆದಿಲ್ ಅಂದರೆ ನ್ಯಾಯವಂತ. ಅದಾಲತ್ ಅಂದರೆ ನ್ಯಾಯ ಕೊಡುವ ಜಾಗ. ಎರಡೂ ಒಂದೇ ಅರಬ್ಬಿ ಬೇರಿನಿಂದ ಬಂದ ಪದಗಳು. ಅಂದರೆ ಈ ಊರನ್ನು ಸುಮಾರು ಇನ್ನೂರು ವರ್ಷ ಆಳಿದ ಆದಿಲ್ ಶಾಹಿ ಮನೆತನದ ಹೆಸರಿನಲ್ಲೇ ಕೋರ್ಟಿದೆ. ದಾದ್ ಅನ್ನುವುದು ಪಾರಸಿ, ಅದಕ್ಕೂ ನ್ಯಾಯ ಅಂತಲೇ ಅರ್ಥ. ಫಿರ್ಯಾದ್ ಅಂದರೆ ಮೊರೆ. ನಿಮ್ಮ ಅಜ್ಜನ ಮುಂದೆ ಅತ್ತ ಆ ಮುದುಕ ಸುಲ್ತಾನರ ದರ್ಬಾರಿನ ಎರಡು ಪದಗಳನ್ನು ಹೊಲದಿಂದ ಕೋರ್ಟಿಗೆ ಹೊತ್ತುಕೊಂಡು ಬಂದಿದ್ದ. ಅವನಿಗೆ ಅದು ಸುಮ್ನೆ ಮನೆಯ ಮಾತು.

ಈಗ ಜಾಗ. ಊರಿನ ನಡುವೆ ಗುಂಡಗೆ ಅರಕಿಲ್ಲೆ, ಸುತ್ತ ನೀರಿನ ಕಂದಕ. ಅದರೊಳಗೆ ಅರಮನೆಗಳು. ಗಗನ್ ಮಹಲು ಸುಮಾರು 1561ರದು, ಒಂದನೆಯ ಅಲಿ ಆದಿಲ್ ಶಾಹನ ಕಾಲದ್ದು. ಅದು ದರ್ಬಾರು. ನಡುವಿನ ಕಮಾನು ಅರವತ್ತು ಅಡಿಗಿಂತ ಅಗಲ. ಆನಂದ್ ಮಹಲು 1589ರದು. ಇವುಗಳ ನೆರೆಯಲ್ಲೇ, ಅದೇ ಅರಕಿಲ್ಲೆಯೊಳಗೆ ಅದಾಲತ್ ಮಹಲು. ನಿಮ್ಮ ಅಜ್ಜ 'ಹೋತು' ಅಂದದ್ದು ಅದನ್ನೇ.

ನೀರಿನ ದಂಡೆಯದು ಅಸರ್ ಮಹಲು. ಸುಮಾರು 1646ರಲ್ಲಿ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ್ದು. ಗೋಳಗುಮ್ಮಟದೊಳಗೆ ಮಲಗಿರುವ ಸುಲ್ತಾನ ಇವನೇ. ಕಟ್ಟಿಸಿದಾಗ ಅದಕ್ಕಿದ್ದ ಹೆಸರು ದಾದ್ ಮಹಲು. ಕಂದಕದ ಆಚೆ, ಅರಕಿಲ್ಲೆಯ ಪೂರ್ವಕ್ಕೆ ಇದೆ. ಮುಂಭಾಗಕ್ಕೆ ಗೋಡೆಯೇ ಇಲ್ಲ. 135 ಅಡಿ ಉದ್ದದ ಪಡಸಾಲೆ ನೆಲದಿಂದ ಚಾವಣಿವರೆಗೆ ತೆರೆದಿದೆ. ನಾಲ್ಕು ತೇಗದ ಕಂಬ ಅಷ್ಟೆತ್ತರದ ಮಾಡನ್ನು ಹೊತ್ತು ನಿಂತಿವೆ. ಎದುರಿಗೆ ಚೌಕಾದ ಕೊಳ. ಹಿಂದುಗಡೆ ಕಂದಕದ ಮೇಲೆ ಅರಕಿಲ್ಲೆಯಿಂದ ಒಂದು ಸೇತುವೆ ಇತ್ತು. ಈಗ ಕಂದಕದಲ್ಲಿ ಅದರ ಕಲ್ಲಿನ ಕಂಬಗಳಷ್ಟೇ ಉಳಿದಿವೆ.

ಇದನ್ನು ಮೊದಲ ಸಲ ಗಮನವಿಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಯಾಕೆ ಹೇಳಲಾ? ಯಾವ ಕೋರ್ಟಿಗೆ ಬೇಕಾದರೂ ಹೋಗಿ. ಕಕ್ಷಿದಾರರು ಬರುವ ಬಾಗಿಲು ಮುಂದೆ. ಜಡ್ಜ್ ಸಾಹೇಬರು ಬರುವುದು ಹಿಂದಿನ ಚೇಂಬರಿನ ಬಾಗಿಲಿನಿಂದ. ಎರಡೂ ದಾರಿ ಕೂಡುವುದು ಪೀಠದ ಹತ್ತಿರ ಮಾತ್ರ. ದಾದ್ ಮಹಲಿನ ನಕ್ಷೆಯೂ ಇದೇ. ಹಿಂದಿನ ಸೇತುವೆ ಅರಮನೆಯವರದು. ಮುಂದಿನ ಬಯಲು ಊರಿನವರದು. ನ್ಯಾಯ ಕೇಳಲು ಬಂದವನು ಅರಕಿಲ್ಲೆಯ ಬಾಗಿಲು, ಕಾವಲು ದಾಟಬೇಕಾಗಿಲ್ಲ. ಕೊಳದ ದಂಡೆಗೆ ಬಂದು ನಿಂತರೆ ಸಾಕು, ಒಳಗೆ ಕೂತವರು ಕಾಣುತ್ತಾರೆ. ಕೋರ್ಟನ್ನು ಕೋಟೆಯೊಳಗಿನಿಂದ ತೆಗೆದು ನೀರಿನಾಚೆ ಇಟ್ಟದ್ದರಲ್ಲಿ ನನಗೆ ಇದೇ ಕಾಣುತ್ತದೆ.

ಹೆಸರು ಬದಲಾದದ್ದು ಹೀಗೆ. ಪ್ರವಾದಿಯವರ ಗಡ್ಡದ ಕೂದಲು ಅಂತ ಭಕ್ತಿಯಿಂದ ಕಾಪಾಡಿಕೊಂಡು ಬಂದ ಅವಶೇಷ ಅರಸರ ಬಳಿ ಇತ್ತು. ಅದನ್ನು ಈ ಮಹಲಿಗೆ ತಂದಿಟ್ಟರು. ಅಂಥ ಪವಿತ್ರ ಗುರುತುಗಳಿಗೆ ಅಸರ್ ಅನ್ನುತ್ತಾರೆ. ದಾದ್ ಮಹಲು ಅಸರ್ ಮಹಲಾಯಿತು.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಊರು ಶರಣಾಯಿತು. ಆಮೇಲೆ ಮೊಗಲರು, ನಿಜಾಮರು, ಪೇಶ್ವೆಯವರು. 1818ರಲ್ಲಿ ಇಂಗ್ಲಿಷರು ಗೆದ್ದು ಸಾತಾರದ ರಾಜರಿಗೆ ಕೊಟ್ಟರು. 1848ರಲ್ಲಿ ಸಾತಾರವೇ ಅವರ ಕೈ ಸೇರಿತು. 1864ರಲ್ಲಿ ಕಲಾದಗಿ ಜಿಲ್ಲೆ ಮಾಡಿದರು. ಹೌದು, ಇವತ್ತು ದಾಳಿಂಬೆಗೆ ಹೆಸರಾದ ಕಲಾದಗಿಯೇ ಆಗ ಜಿಲ್ಲಾ ಕೇಂದ್ರ. 1884ರಲ್ಲಿ ಹೋಟಗಿ-ಗದಗ ರೈಲು ಬಂತು. ಮರುವರ್ಷ, 1885ರಲ್ಲಿ, ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಬಂತು.

ಕಚೇರಿಗಳು ಬಂದವು, ಸಾಹೇಬರು ಬಂದರು, ಕೂರಲು ಜಾಗ ಬೇಕಾಯಿತು. ಖಾಲಿ ಬಿದ್ದ ಮಹಲುಗಳು ಕಣ್ಣೆದುರೇ ಇದ್ದವು. ಚೀನಿ ಮಹಲಿನಲ್ಲಿ ಸರ್ಕಾರಿ ಕಚೇರಿ ಹೂಡಿದರು. ಬುಖಾರಿ ಮಸೀದಿಯಲ್ಲಿ ಪೋಸ್ಟ್ ಆಫೀಸು ನಡೆಸಿದರು. ಇನ್ನೊಂದು ಮಸೀದಿಯಲ್ಲಿ ಡಾಕ್ ಬಂಗಲೆ ಇತ್ತು. ಅದನ್ನು ಅಲ್ಲಿಂದ ಹೊರಗೆ ಹಾಕಿಸಿದೆ ಅಂತ ವೈಸ್‌ರಾಯ್ ಕರ್ಜನ್ 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆ ತರುವಾಗ ಸ್ವತಃ ಹೇಳಿಕೊಂಡಿದ್ದಾರೆ. ಅದಾಲತ್ ಮಹಲು ಕಲೆಕ್ಟರರ ಮನೆಯಾಯಿತು. ಮನೆಯಾಗಬೇಕಾದರೆ ಬಚ್ಚಲು ಬೇಕು, ಅಡುಗೆಮನೆ ಬೇಕು, ಕಿಟಕಿಗೆ ಗಾಜು ಬೇಕು. ಹಳೆಯ ನ್ಯಾಯದ ಪಡಸಾಲೆ ಅದರಲ್ಲಿ ಕರಗಿ ಹೋಯಿತು.

ಇಲ್ಲಿ ಒಂದು ವಿಷಯ ನನ್ನ ಮನಸ್ಸಿನಲ್ಲಿ ಬಹಳ ವರ್ಷದಿಂದ ಇದೆ. ಕಲೆಕ್ಟರರು ಬರೀ ಕಂದಾಯದ ಅಧಿಕಾರಿ ಅಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರೂ ಹೌದು. ಅಂದರೆ ಅದಾಲತ್ ಮಹಲಿನ ಜಾಗದಲ್ಲಿ ರಾತ್ರಿ ಮಲಗುತ್ತಿದ್ದವರಿಗೆ ಹಗಲು ಜನರನ್ನು ಜೈಲಿಗೆ ಕಳಿಸುವ ಅಧಿಕಾರ ಇತ್ತು. ಹಳೆಯ ಕೆಲಸ ಪೂರ್ತಿ ಆ ಜಾಗ ಬಿಟ್ಟು ಹೋಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರುವ ಮೊದಲು. ಮಹಲಿನ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರ ಪಡಸಾಲೆಯೊಳಗೆ ಬೀಳುತ್ತದೆ, ಕಂಬಗಳು ಚೆನ್ನಾಗಿ ಕಾಣುತ್ತವೆ.

ಕೋಟೆ ಸುತ್ತುವವ

ಶಿರಸ್ತೇದಾರ್ ಸರ್, ಚೆನ್ನಾಗಿ ಹೇಳಿದಿರಿ. ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಅದಾಲತ್ ಮಹಲನ್ನು ಇಂಗ್ಲಿಷರೇ ಹಾಳು ಮಾಡಿದರು ಅನ್ನುವ ಹಾಗೆ ಓದಿಸುತ್ತದೆ. 1885ಕ್ಕೆ ಅವರು ಬರುವ ಹೊತ್ತಿಗೆ ರಾಜ್ಯ ಹೋಗಿ ಇನ್ನೂರು ವರ್ಷ ಆಗಿತ್ತು. ನಾನು ವಾರಕ್ಕೊಮ್ಮೆಯಾದರೂ ಅರಕಿಲ್ಲೆ ಸುತ್ತುತ್ತೇನೆ. ಗಗನ್ ಮಹಲನ್ನೇ ನೋಡಿ. ಕಲ್ಲಿನ ಕಮಾನು ನಿಂತಿದೆ, ಒಳಗಿನ ಮರದ ಕೆಲಸ ಒಂದೂ ಇಲ್ಲ. ಮರಕ್ಕೆ ಯಾವಾಗಲೂ ಗಿರಾಕಿ ಇರುತ್ತಾರೆ. ತೊಲೆ, ಕಂಬ, ಬಾಗಿಲು ಯಾರಿಗೆ ಬೇಡ? ಗೋರಿ, ಮಸೀದಿಗಳು ಬಹುಪಾಲು ಕಲ್ಲಿನವು, ಜೊತೆಗೆ ಭಕ್ತಿ, ಭಯ ಎರಡೂ ಇರುತ್ತವೆ. ಅದಕ್ಕೇ ಉಳಿದವು. ಅರಮನೆಗಳಲ್ಲಿ ಮರ ಜಾಸ್ತಿ, ಕಾಯುವವರು ಕಡಿಮೆ.

ಇನ್ನೊಂದು, ಅಸರ್ ಮಹಲಿನ ಮುಂದಿನ ಕೊಳದ ನೀರಿನ ಬಗ್ಗೆ ಯಾರೂ ಹೇಳುವುದಿಲ್ಲ. ಊರ ಹೊರಗೆ ದಕ್ಷಿಣಕ್ಕೆ ಬೇಗಂ ತಲಾಬ್ ಇದೆ, 1651ರದು. ಅಲ್ಲಿಂದ ಮಣ್ಣಿನ ಕೊಳವೆಯಲ್ಲಿ ನೆಲದಡಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಗೋಪುರ, ಅವಕ್ಕೆ ಗಂಜ್ ಅನ್ನುತ್ತಾರೆ. ನೀರಿನ ಒತ್ತಡ ಕೊಳವೆ ಒಡೆಯದ ಹಾಗೆ ಅದು ತಡೆಯುತ್ತಿತ್ತು, ಕೆಸರು ಅಲ್ಲೇ ತಳಕ್ಕೆ ಇಳಿಯುತ್ತಿತ್ತು. ಮಗಳಿಗೆ ಒಂದು ಗಂಜ್ ತೋರಿಸಿ ಅಕ್ಕಾ. ಊರಲ್ಲಿ ಈಗಲೂ ನಿಂತಿವೆ.

ನಿವೃತ್ತ ಶಿರಸ್ತೇದಾರ

ತಕರಾರು ಒಪ್ಪಿದೆ, ತಮ್ಮಾ. 'ಕೆಡವಿದರು' ಅನ್ನುವುದಕ್ಕಿಂತ 'ಬೇರೆ ಕೆಲಸಕ್ಕೆ ಹಚ್ಚಿದರು' ಅನ್ನುವುದು ಸರಿ. ನೀವು ಹೇಳಿದ ಮರದ ಮಾತಿನಿಂದ ನನ್ನ ಮಾತಿಗೆ ಇನ್ನಷ್ಟು ಬಲ ಬಂತು.

ಲೆಕ್ಕ ಹಾಕಿ ನೋಡಿ. ಈ ಊರಲ್ಲಿ ಎರಡು ನ್ಯಾಯದ ಮಹಲು ಇದ್ದವು. ಒಂದು ಸಾಹೇಬರ ಮನೆಯಾಯಿತು, ಕಾಣದಂತಾಯಿತು. ಇನ್ನೊಂದರೊಳಗೆ ಒಂದು ಕೂದಲೆಳೆ ಬಂತು, ಆ ಮಹಲು ಉಳಿಯಿತು. ಅಸರ್ ಮಹಲಿನ ಕಂಬ, ಮಾಡು, ಚಾವಣಿಯ ಹಲಗೆ ಎಲ್ಲ ಮರದ್ದೇ. ಗಗನ್ ಮಹಲಿನ ಮರ ಹೋಯಿತು, ಇದರ ಮರ ಹೋಗಲಿಲ್ಲ. ಒಳಗಿದ್ದ ಗ್ರಂಥಗಳೂ ಹೊರಗೆ ಹೋದವು. ಒಂದಿಷ್ಟನ್ನು ಔರಂಗಜೇಬನ ಕಾಲದಲ್ಲೇ ಸಾಗಿಸಿದರು, ಉಳಿದವು 1853ರಲ್ಲಿ ಲಂಡನ್ನಿಗೆ ಹೋದವು. ಕಂಬಕ್ಕೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಜನ ದೀಪ ಹಚ್ಚುವ ಜಾಗದ ತೊಲೆಯನ್ನು ಕಿತ್ತು ಮಾರುವ ಧೈರ್ಯ ಯಾರಿಗೂ ಬರುವುದಿಲ್ಲ. ಕೋರ್ಟಾಗಿಯೇ ಉಳಿದಿದ್ದರೆ ಅದು 1686ರ ಮರುದಿನವೇ ಅನಾಥ ಆಗುತ್ತಿತ್ತು. ದೇವರ ಮನೆಯಾದದ್ದಕ್ಕೆ ಕೋರ್ಟಿನ ಕಟ್ಟಡ ಬದುಕಿತು.

ಕೋರ್ಟಿನ ಕಟ್ಟಡಕ್ಕೆ ಯಾರೂ ಕೈ ಮುಗಿಯುವುದಿಲ್ಲ. ಗೆದ್ದವನೂ ಅಲ್ಲಿಂದ ಬೇಗ ಹೊರಡುತ್ತಾನೆ, ಸೋತವನೂ ಬೇಗ ಹೊರಡುತ್ತಾನೆ. ಇದನ್ನು ನಾನು 34 ವರ್ಷ ನೋಡಿದ್ದೇನೆ. ಒಂದು ತಾಲ್ಲೂಕಿನ ಹಳೇ ಕೋರ್ಟಿನಲ್ಲಿ ನಾನಿದ್ದಾಗ ಮಳೆಗಾಲದಲ್ಲಿ ರೆಕಾರ್ಡ್ ರೂಮಿನ ಹಂಚು ಸೋರಿತು. ಕೆಂಪು ರುಮಾಲಿನಲ್ಲಿ ಕಟ್ಟಿಟ್ಟ ಹಳೇ ದಫ್ತರ ಒದ್ದೆಯಾಯಿತು. ಅದರಲ್ಲಿ ಮೋಡಿ ಅಕ್ಷರದ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯ, ಕಾಗದಗಳಿದ್ದವು. ನಾನು, ಇಬ್ಬರು ಪಟ್ಟೇವಾಲಾಗಳು ಮೂರು ದಿನ ವರಾಂಡದಲ್ಲಿ ಒಂದೊಂದು ಹಾಳೆ ಹರಡಿ, ಮೇಲೆ ಸಣ್ಣ ಕಲ್ಲಿಟ್ಟು ಒಣಗಿಸಿದೆವು. ಮೋಡಿ ಓದಲು ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಆದರೂ ಒಂದು ಹಾಳೆ ಹೋಗಲು ಬಿಡಲಿಲ್ಲ. ಆ ಕಟ್ಟಡ ಈಗಿಲ್ಲ, ಕೆಡವಿ ಹೊಸದು ಕಟ್ಟಿದ್ದಾರೆ. ಹೊಸದರಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಹೆಣ್ಣುಮಕ್ಕಳಿಗೆ ಕೂರಲು ಜಾಗ ಇದೆ, ಅದು ಬೇಕಾಗಿತ್ತು. ಆದರೆ ಆ ವರಾಂಡ ಇನ್ನೂ ನನ್ನ ಕನಸಿನಲ್ಲಿ ಬರುತ್ತದೆ.

ಮೋಡಿ ಕಲಿತ ಮೇಷ್ಟ್ರು

ಶಿರಸ್ತೇದಾರ್ ಸಾಹೇಬರೇ, ಆ ಹಾಳೆಗಳನ್ನು ಒಣಗಿಸಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಮೋಡಿ ಕಲಿತವನಾಗಿ ಇದನ್ನು ಹೇಳಲೇಬೇಕು.

ಅಕ್ಕಾ, ನಿಮ್ಮ ಮಗಳ ಬರಹಕ್ಕೆ ಇನ್ನೊಂದು ವಿಷಯ ಸೇರಿಸಿಕೊಳ್ಳಿ. ಮಹಲು ಎಷ್ಟೇ ತೆರೆದಿದ್ದರೂ ರಾಜ್ಯದ ಬಹುಪಾಲು ಜನ ಅದನ್ನು ಕಣ್ಣಿಂದ ನೋಡಿದವರಲ್ಲ. ಇಂಡಿಯ ಹಳ್ಳಿಯ ರೈತ ಬದುವಿನ ಜಗಳಕ್ಕೆ ಸುಲ್ತಾನರವರೆಗೆ ಹೋಗುತ್ತಿರಲಿಲ್ಲ. ಅವನ ಕೋರ್ಟು ಅವನ ಊರಿನ ಹತ್ತಿರವೇ ಸೇರುತ್ತಿತ್ತು. ಖಾಜಿ, ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ, ಸುತ್ತಲಿನ ಊರಿನ ಹಿರಿಯರು, ಆಯಗಾರರು ಎಲ್ಲ ಕೂತು ಕೇಳುತ್ತಿದ್ದರು. ಎರಡೂ ಕಡೆಯವರ ಮಾತು, ಸಾಕ್ಷಿ, ಕೊನೆಗೆ ತೀರ್ಮಾನ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆಯುತ್ತಿದ್ದರು. ಅದಕ್ಕೆ ಮಹಜರ್ ಅಂತ ಹೆಸರು. ಕೂತವರ ಹೆಸರು ಅದರಲ್ಲಿ ಇರಬೇಕು. ಯಾಕೆಂದರೆ ಮಹಜರ್ ಪದದ ಬೇರೇ 'ಹಾಜರ್'. ಯಾರು ಹಾಜರಿದ್ದರು ಅನ್ನುವುದರಲ್ಲೇ ಅದರ ಬಲ.

ಓದು ಬರಹ ಬಾರದವರು ಸಹಿ ಹೇಗೆ ಮಾಡುತ್ತಿದ್ದರು ಗೊತ್ತಾ? ತಮ್ಮ ಕಸುಬಿನ ಗುರುತು ಬರೆಯುತ್ತಿದ್ದರು. ಗೌಡನ ಹೆಸರಿನ ಪಕ್ಕ ನೇಗಿಲು. ಬಡಿಗ, ಕ್ಷೌರಿಕ ಹೀಗೆ ಒಬ್ಬೊಬ್ಬರದು ಅವರವರ ಕೈಯ ಹತಾರ. ಅಂಥ ಕಾಗದ ಮೊದಲ ಸಲ ನೋಡಿದಾಗ ನಾನು ಓದುವುದನ್ನು ಬಿಟ್ಟು ಆ ನೇಗಿಲನ್ನೇ ನೋಡುತ್ತ ಕೂತಿದ್ದೆ. ಮುನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಹೊಲದಿಂದ ಬಂದು, ಪರಿಚಯ ಇಲ್ಲದ ಲೇಖನಿ ಹಿಡಿದು, ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಆಕಾರವನ್ನು ಬರೆದಿದ್ದ.

ಇವತ್ತು ಪೊಲೀಸರು ಸ್ಥಳ ಮಹಜರು ಮಾಡುತ್ತಾರಲ್ಲ, ಪದ ಅದೇ. ಪಂಚರು ಹಾಜರಿದ್ದು ಸಹಿ ಹಾಕಬೇಕು ಅನ್ನುವ ಪದ್ಧತಿಯೂ ಅದೇ ಜಾತಿಯದು. ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರಲ್ಲ, ಅದರ ಹೆಸರಿನಲ್ಲಿ ನಿಮ್ಮ ಕಾಣೆಯಾದ ಮಹಲು ಹಾಗೇ ಇದೆ.

ಭಾಷೆಯ ವಿಷಯವೂ ಹೇಳಿಬಿಡುತ್ತೇನೆ. ಒಂದನೆಯ ಇಬ್ರಾಹಿಂ ಆದಿಲ್ ಶಾಹ (1534ರಿಂದ 1558) ಸರ್ಕಾರದ ಲೆಕ್ಕಪತ್ರವನ್ನು ಪಾರಸಿಯಿಂದ ದೇಶಭಾಷೆಗೆ ಬದಲಿಸಿದ. ಅಲ್ಲಿಂದ ದಫ್ತರಗಳಲ್ಲಿ ಸ್ಥಳೀಯ ಬ್ರಾಹ್ಮಣ ಲೇಖಕರ ಕೈ ಮೇಲಾಯಿತು. ಪಾರಸಿ, ಅರಬ್ಬಿ ಪದಗಳು ಹಳ್ಳಿಯವರೆಗೆ ಇಳಿದದ್ದು ಇಂಥ ಬರೆಯುವವರ ಬಾಯಿಂದ. ವಕೀಲ, ಜಾಮೀನು, ಜಪ್ತಿ, ಅರ್ಜಿ, ತಕರಾರು. ನಿಮ್ಮ ಅಜ್ಜ ಅದೇ ಸಾಲಿನವರು ಅಕ್ಕಾ, ಮರದ ಕೆಳಗೆ ಕೂತವರು ಅಷ್ಟೇ.

ಘಟಪ್ರಭೆ ದಂಡೆಯವ

ಈ ಮಾತುಕತೆ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮದು ಬಾಗಲಕೋಟೆ, ಹಳೇ ಊರು. ನಮಗೆ ಕಟ್ಟಡ ಹೋಗುವುದು ಅಂದರೆ ಒಂದೆರಡಲ್ಲ. ಓಣಿಗೆ ಓಣಿಯೇ ಹೋಯಿತು. ಆಲಮಟ್ಟಿಯಲ್ಲಿ 519.60 ಮೀಟರಿಗೆ ನೀರು ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ನಮ್ಮ ಊರೊಳಗೆ ಬರುತ್ತದೆ. ಮನೆ ಖಾಲಿ ಮಾಡಿ ನವನಗರಕ್ಕೆ ಬಂದೆವು. ಜಿಲ್ಲಾ ಕೋರ್ಟೂ ಈಗ ನವನಗರದಲ್ಲೇ.

ಆದರೆ ನೋಡಿ, ನಮ್ಮ ಮನೆ ನೆಲಸಮವಾದ ಮೇಲೂ ಅದು ಕೋರ್ಟಿನಲ್ಲಿ ಇತ್ತು. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಲ್ಲಿ, ಕೊಟ್ಟ ಪರಿಹಾರ ಸಾಲದು ಅಂತ ಸಿವಿಲ್ ಕೋರ್ಟಿಗೆ ಕಳಿಸಿಕೊಡಲು ಕೇಳಬಹುದಿತ್ತು. ಅಪ್ಪ ಕೇಳಿದರು. ನಮ್ಮ ಹಾಗೆ ಊರಿಗೆ ಊರೇ ಕೇಳಿತು. ವಕೀಲರು ಅಪ್ಪನಿಗೆ ಕೇಳುತ್ತಿದ್ದರು, ಪಡಸಾಲೆ ಎಷ್ಟು ಅಂಕಣ, ಗೋಡೆ ಕಲ್ಲಿನದೋ ಮಣ್ಣಿನದೋ, ಕಾಳು ತುಂಬುವ ಹಗೇವು ಇತ್ತೋ. ಅಪ್ಪ ಕಣ್ಣು ಮುಚ್ಚಿ ಒಂದೊಂದೇ ಹೇಳುತ್ತಿದ್ದರು. ಆ ಮನೆಯನ್ನು ಅಷ್ಟು ಚೊಕ್ಕ ಯಾರೂ ಬರೆದಿಟ್ಟಿರಲಿಲ್ಲ. ಈಗ ನನಗೆ ಆ ಮನೆ ನೆನಪಾಗಬೇಕಾದರೆ ಆ ಕೇಸಿನ ಕಾಗದ ತೆಗೆದು ಓದುತ್ತೇನೆ.

ಅಕ್ಕಾ, ನಿಮ್ಮ ಅಜ್ಜ ಬರೆದ ಅರ್ಜಿಯ ನಕಲು ಮನೆಯಲ್ಲಿ ಒಂದಾದರೂ ಇದ್ದರೆ ಮಗಳ ಕೈಗೆ ಕೊಡಿ.

ಬಾಂಡ್ ರೈಟರ್ ಮೊಮ್ಮಗಳು

ನಿಮಗೆಲ್ಲ ಎಷ್ಟು ಹೇಳಿದರೂ ಕಡಿಮೆ. ಹೋಗಿ ಬಂದೆವು.

ಬೆಳಿಗ್ಗೆ ಏಳೂವರೆಗೆ ಅಸರ್ ಮಹಲಿನ ಮುಂದೆ ಇದ್ದೆವು. ಬಿಸಿಲು ಶಿರಸ್ತೇದಾರ್ ಕಾಕಾ ಹೇಳಿದ ಹಾಗೇ ಒಳಗೆ ಬೀಳುತ್ತಿತ್ತು. ಮಗಳು ಮೊದಲು ಕೊಳದ ಕಟ್ಟೆ ಮೇಲೆ ನಿಂತಳು, "ಇಲ್ಲಿಂದ ರಾಜ ಕಾಣಸ್ತಾನ?" ಅಂತ ಕೇಳಿದಳು. ನಾನು ಪಡಸಾಲೆಯ ಕಡೆ ಹೋಗಿ ನಿಂತೆ. "ಅವ್ವಾ, ಕಾಣಸ್ತಿ" ಎಂದು ಕೂಗಿದಳು. ಅಷ್ಟು ದೂರದಿಂದ ಅವಳ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಮೊರೆ ಕೇಳಿಸುವ ದೂರದಲ್ಲೇ ಕಟ್ಟಿದ್ದಾರೆ ಅನಿಸಿತು.

ಆಮೇಲೆ ಹಿಂದೆ ಹೋಗಿ ಕಂದಕದಲ್ಲಿ ಸೇತುವೆಯ ಕಂಬ ಹುಡುಕಿದೆವು. ಗಿಡ ಬೆಳೆದು ಅರ್ಧ ಮುಚ್ಚಿದ್ದವು. ಮಗಳು ಮೊದಲು ಕಂಡುಹಿಡಿದಳು. ಗಗನ್ ಮಹಲಿಗೂ ಹೋದೆವು. ಮರ ಹೋದದ್ದನ್ನು ನೋಡಲು ಒಳಗೆ ತಲೆ ಎತ್ತಿ ಬಹಳ ಹೊತ್ತು ನಿಂತಿದ್ದಳು. ಅಲ್ಲಿಂದ ಬರುವಾಗ ಒಂದು ಗಂಜ್ ಸಿಕ್ಕಿತು. ಇಷ್ಟು ವರ್ಷ ಅದನ್ನು ನಾನು ಯಾವುದೋ ಹಾಳು ಬುರುಜು ಅಂದುಕೊಂಡಿದ್ದೆ.

ಮಧ್ಯಾಹ್ನ ಮಾಮಾನ ಮನೆಯಲ್ಲಿ ಅಟ್ಟದಿಂದ ಅಜ್ಜನ ಟ್ರಂಕು ಇಳಿಸಿದೆವು. ತಳದಲ್ಲಿ ಏಳೆಂಟು ಕಚ್ಚಾ ಪ್ರತಿ ಇದ್ದವು. ಒಂದರ ಮೊದಲ ಸಾಲು ಹೀಗಿದೆ: 'ಮೆಹೆರಬಾನ್ ಸಾಹೇಬರ ಸನ್ನಿಧಾನಕ್ಕೆ, ಅರ್ಜದಾರಳು ಓದು ಬಾರದವಳಿದ್ದು, ಹೇಳಿ ಬರೆಸಿದ ಅರ್ಜಿ.' ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತಿಗೆ ಒಂದು ಚೌಕ ಬಿಟ್ಟಿದ್ದಾರೆ. ಮಗಳು ಆ ಖಾಲಿ ಚೌಕದ ಮೇಲೆ ಬೆರಳಿಟ್ಟು, "ಇಲ್ಲಿ ನೇಗಿಲಾ ಬರೀತಿದ್ರ?" ಅಂದಳು. ಮೇಷ್ಟ್ರೇ, ನಿಮ್ಮ ಮಾತು ಅವಳ ತಲೆಯಲ್ಲಿ ಕೂತಿದೆ.

ಅವಳು ಬರೆದ ಚಿತ್ರ ಇಲ್ಲಿ ಹಾಕಿದ್ದೇನೆ. ದಾದ್ ಮಹಲು, ಮುಂದೆ ಕೊಳ, ಹಿಂದೆ ಸೇತುವೆ. ಸೇತುವೆಯನ್ನು ಪೂರ್ತಿ ಬರೆದಿದ್ದಾಳೆ. ಕೊಳದ ಈಚೆ ಒಂದು ಮರದ ಕೆಳಗೆ ಒಬ್ಬ ಅಜ್ಜ, ಮುಂದೆ ಡೆಸ್ಕು. "ಆಗ ಅಜ್ಜ ಇದ್ದಿಲ್ಲ, ಖರೆ. ಆದ್ರ ಯಾರರೇ ಬರೆಯವ್ರು ಇದ್ದೇ ಇರ್ತಾರಲ್ಲ" ಅಂದಳು.

ಶಿರಸ್ತೇದಾರ್ ಕಾಕಾ, ನೀವೊಮ್ಮೆ ನೋಡಿ ಹೇಳಿ. ನಾಳೆ ಶಾಲೆಗೆ ಕೊಡಬೇಕು.

ನಿವೃತ್ತ ಶಿರಸ್ತೇದಾರ

ನೋಡಿದೆ, ಎರಡು ಸಲ ನೋಡಿದೆ. ಮರದ ಕೆಳಗಿನ ಅಜ್ಜ ಅಲ್ಲೇ ಇರಲಿ, ತೆಗೆಯಬೇಡಿ.

ಒಂದೇ ಒಂದು ಆಫೀಸ್ ಆಬ್ಜೆಕ್ಷನ್ ಇದೆ, ಕೂಸಿಗೆ ಹೇಳಿ. ಕಂಬಗಳನ್ನು ಚೌಕ ಬರೆದಿದ್ದಾಳೆ. ಅವಕ್ಕೆ ಎಂಟು ಮುಖ. ಅದೊಂದು ತಿದ್ದಿದರೆ ಅರ್ಜಿ ದಾಖಲು ಮಾಡಿಕೊಳ್ಳುತ್ತೇನೆ.